ಮರಳಲ್ಲಿ ಕ್ಯಾಂಪರ್ ಟ್ರೇಲರ್ ಎಳೆಯುವುದು ಹೇಗೆ? ಗರಿ ದ್ವೀಪಕ್ಕೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಕ್ಯಾಂಪರ್ ಟ್ರೇಲರ್, ಅಂದರೆ ಬಿಡಾರದ ಸಾಮಾನೆಲ್ಲ ಇರುವ ಎಳೆಬಂಡಿ, ಕಾರಿಗೆ ಕಟ್ಟಿಕೊಂಡು ಹೋದಾಗ ನಾವು ದ್ವೀಪ ಮುಟ್ಟುವ ಮೊದಲೇ ಹೂತುಹೋದೆವು. ಬ್ರಿಸ್ಬೇನ್‌ನಿಂದ ಬೆಳಗಿನ ಜಾವ ಹೊರಟು, ರೇನ್‌ಬೋ ಬೀಚ್ ಎಂಬ ಊರು ದಾಟಿ, ಇನ್‌ಸ್ಕಿಪ್ ಪಾಯಿಂಟ್‌ಗೆ ಬಂದಿದ್ದೆವು. ಗಾಡಿಗಳನ್ನು ದ್ವೀಪಕ್ಕೆ ದಾಟಿಸುವ ಚಪ್ಪಟೆ ದೋಣಿ, ಅಂದರೆ ಬಾರ್ಜ್, ಹತ್ತುವ ಜಾಗ ಅದು. ಎದುರಿಗೇ ಬಾರ್ಜ್ ಬಾಯಿ ತೆರೆದು ನಿಂತಿದೆ, ನಡುವೆ ಬರೀ ಇನ್ನೂರು ಮುನ್ನೂರು ಮೀಟರ್ ಮರಳು. ಕಾರಿನ ನಾಲ್ಕೂ ಟಯರ್‌ನ ಗಾಳಿ ಇಳಿಸಿದ್ದೆ. ಟ್ರೇಲರ್‌ನ ಎರಡು ಟಯರ್ ಮರೆತೇಹೋಗಿತ್ತು. ಅರ್ಧ ದಾರಿಯಲ್ಲಿ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಯಿತು. ಕಾರು ಮರಳಿನ ಮೇಲೆ ಚೆನ್ನಾಗಿಯೇ ತೇಲುತ್ತಿತ್ತು. ಟ್ರೇಲರ್ ಮಾತ್ರ ಲಂಗರು ಹಾಕಿ ಕೂತಿತ್ತು. ಹಿಂದೆ ಹನ್ನೆರಡು ಗಾಡಿಗಳ ಸಾಲು, ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ.

ಆಮೇಲೆ ಹಲವು ಸಲ ಹೋಗಿಬಂದಿದ್ದೇವೆ. ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಕಾರಿಗೆ ಏನು ಮಾಡುತ್ತೀರೋ ಅದನ್ನು ಟ್ರೇಲರ್‌ಗೂ ಮಾಡಬೇಕು. ಬಹುತೇಕ ಜನ ಎಡವುವುದು ಇಲ್ಲೇ.

ಗರಿ ಅಂದರೆ ಹಿಂದೆ ಫ್ರೇಸರ್ ಐಲ್ಯಾಂಡ್ ಅಂತ ಕರೆಯುತ್ತಿದ್ದ, ಕ್ವೀನ್ಸ್‌ಲ್ಯಾಂಡ್‌ನ ದ್ವೀಪ. ಇಂಗ್ಲಿಷ್‌ನಲ್ಲಿ ಮುಂದೊಂದು 'ಕೆ' ಬರೆಯುತ್ತಾರೆ, ಬಾಯಲ್ಲಿ ಅದು ಬರುವುದಿಲ್ಲ. ಹೆಚ್ಚುಕಮ್ಮಿ ನಮ್ಮ ಹಕ್ಕಿಯ ಗರಿಯೇ. ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲ ಜನರ ಹೆಸರದು. 2023ರಲ್ಲಿ ಸರ್ಕಾರ ಅಧಿಕೃತವಾಗಿ ಮರಳಿಸಿತು. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ. 1992ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಟಾರ್ ರಸ್ತೆಯ ಆಸೆ ಇಟ್ಟುಕೊಳ್ಳಬೇಡಿ, ಓಡಾಟವೆಲ್ಲ ಮರಳಿನಲ್ಲೇ.

ಮನೆಯಂಗಳದಲ್ಲೇ ಮುಗಿಸಬೇಕಾದ್ದು

ಎಲ್ಲ ಕ್ಯಾಂಪರ್ ಟ್ರೇಲರ್ ಮರಳಿಗೆ ಹೊಂದುವುದಿಲ್ಲ. ಬಾಡಿಗೆಗೆ ತರುವುದಾದರೆ ಟೇಪು ಹಿಡಿದು ಹೋಗಿ. ಟ್ರೇಲರ್‌ನ ಎಡಚಕ್ರದಿಂದ ಬಲಚಕ್ರಕ್ಕೆ ಎಷ್ಟು ಅಗಲ ಅಂತ ಅಳೆಯಿರಿ, ಕಾರಿನದ್ದನ್ನೂ ಅಳೆಯಿರಿ. ಎರಡೂ ಒಂದೇ ಇದ್ದರೆ ಕಾರು ತುಳಿದು ಗಟ್ಟಿ ಮಾಡಿದ ಜಾಡಿನಲ್ಲೇ ಟ್ರೇಲರ್ ಉರುಳುತ್ತದೆ. ಟ್ರೇಲರ್ ಒಂದು ಗೇಣು ಕಿರಿದಾಗಿದ್ದರೆ ಅದು ತನ್ನದೇ ಎರಡು ಹೊಸ ಜಾಡು ಕೊರೆಯಬೇಕು. ಆ ಕೊರೆತದ ಕೂಲಿಯನ್ನು ಎಂಜಿನ್ ಕೊಡುತ್ತದೆ. ಚಕ್ರವೂ ಕಾರಿನ ಅಳತೆಯದ್ದೇ ಆಗಿದ್ದರೆ ಇನ್ನೂ ಒಳ್ಳೆಯದು, ಸ್ಟೆಪ್ನಿ ಎರಡಕ್ಕೂ ಆಗುತ್ತದೆ.

ಕಾರಿಗೂ ಟ್ರೇಲರ್‌ಗೂ ನಡುವಿನ ಕೊಂಡಿ ನೋಡಿ. ಪೇಟೆಯಲ್ಲಿ ಸಾಮಾನ್ಯವಾಗಿ ಕಾಣುವುದು 50 ಮಿಲಿಮೀಟರ್‌ನ ಗುಂಡು. ಕಾರು ದಿಬ್ಬದ ಆಚೆ ಇಳಿಯುವಾಗ ಟ್ರೇಲರ್ ಇನ್ನೂ ಈಚೆ ಹತ್ತುತ್ತಿರುತ್ತದಲ್ಲ, ಆಗ ಈ ಗುಂಡು ಒಂದು ಮಟ್ಟದವರೆಗೆ ಮಾತ್ರ ತಿರುಗುತ್ತದೆ. ಆಫ್‌ರೋಡ್‌ಗೆಂದೇ ಮಾಡಿದ ಡಿಒ35, ಟ್ರೆಗ್ ಥರದ ಕೊಂಡಿಗಳು ಅಡ್ಡಕ್ಕೂ ಉದ್ದಕ್ಕೂ ಆರಾಮಾಗಿ ತಿರುಚಿಕೊಳ್ಳುತ್ತವೆ. ಬೀಚ್ ಮೇಲಷ್ಟೇ ಓಡಾಡುವುದಾದರೆ ಗುಂಡು ನಡೆಯುತ್ತದೆ. ದ್ವೀಪದ ಒಳಗಿನ ಜಾಡಿಗೆ ಇಳಿಯುವುದಾದರೆ ಬೇಡ.

ಆಮೇಲೆ ನೆಲಕ್ಕೆ ಕೂತು ಕೆಳಗೆ ಇಣುಕಿ. ನಿಲ್ಲಿಸುವ ಕಾಲುಗಳು, ನೀರಿನ ಟ್ಯಾಂಕಿನ ನಲ್ಲಿ, ಮುಂದಿನ ಪುಟ್ಟ ಜಾಕಿ ಚಕ್ರ, ಇವುಗಳಲ್ಲಿ ಯಾವುದು ಜೋತಾಡುತ್ತಿದ್ದರೂ ಮರಳಲ್ಲಿ ನೇಗಿಲಾಗುತ್ತದೆ. ಜಾಕಿ ಚಕ್ರವನ್ನು ಮೇಲಕ್ಕೆ ಮಡಚಿದರೆ ಸಾಲದು, ಬಿಚ್ಚಿ ಒಳಗಿಡಿ.

ಬ್ರೇಕ್ ವಿಚಾರದಲ್ಲಿ ಆಸ್ಟ್ರೇಲಿಯಾದ ನಿಯಮ ಸ್ಪಷ್ಟ. ಟ್ರೇಲರ್‌ನ ಚಕ್ರಗಳ ಮೇಲೆ ಬೀಳುವ ಭಾರ 750 ಕೆಜಿ ದಾಟುವಂತಿದ್ದರೆ ಅದಕ್ಕೆ ಬ್ರೇಕ್ ಇರಬೇಕು. 2,000 ಕೆಜಿ ದಾಟಿದರೆ ಎಲ್ಲ ಚಕ್ರಕ್ಕೂ ಬ್ರೇಕ್ ಬೇಕು. ಕೊಂಡಿ ಕಳಚಿದರೆ ತಾನಾಗಿ ಹಿಡಿಯುವ ವ್ಯವಸ್ಥೆಯೂ ಬೇಕು.

ಭಾರ: ಎತ್ತಿನ ಗಾಡಿಯ ಲೆಕ್ಕವೇ

ಊರಲ್ಲಿ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಜಾಸ್ತಿ ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಹಗ್ಗ ಬಿಗಿಯುತ್ತದೆ. ಮುಂದೆ ಜಾಸ್ತಿ ಹೇರಿದರೆ ಹೆಗಲು ಕುಸಿಯುತ್ತದೆ. ಟ್ರೇಲರ್‌ಗೂ ಇದೇ ಮಾತು. ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಮೂಕಿಯ ಮೇಲೆ, ಅಂದರೆ ಕೊಂಡಿಯ ಮೇಲೆ ಕೂರಬೇಕು ಅನ್ನುವುದು ಇಲ್ಲಿನ ವಾಡಿಕೆ. 1,300 ಕೆಜಿ ಟ್ರೇಲರ್‌ಗೆ ಸುಮಾರು 130 ಕೆಜಿ. ಅದಕ್ಕಿಂತ ತೀರಾ ಕಮ್ಮಿಯಾದರೆ ಹೈವೇಯಲ್ಲೇ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಜಾಸ್ತಿಯಾದರೆ ಕಾರಿನ ಹಿಂಭಾಗ ಮರಳಿಗೆ ಕುಸಿದು, ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಭಾರದ ಸಾಮಾನು ಆಕ್ಸೆಲ್ ಮೇಲೆ, ಆದಷ್ಟು ಕೆಳಗೆ ಇರಲಿ. ನಮ್ಮ ಮನೆಯಲ್ಲಿ ಜಗಳ ಶುರುವಾಗುವುದೂ ಇಲ್ಲೇ. ನಾಲ್ಕು ದಿನಕ್ಕೆ ಹತ್ತು ಕೆಜಿ ಅಕ್ಕಿ, ಎರಡು ಕುಕ್ಕರ್, ದೋಸೆ ಕಾವಲಿ ಯಾಕೆ ಅಂತ ನಾನು. ನಿನ್ನ ಮೀನು ಹಿಡಿಯುವ ಸಾಮಾನು ಎಷ್ಟು ತೂಗುತ್ತದೆ ಅಂತ ಹೆಂಡತಿ. ಕಾವಲಿ ಗೆಲ್ಲುತ್ತದೆ. ತೂಕ ಇಳಿಸುವ ಸುಲಭದ ದಾರಿ ನೀರು. ನೂರು ಲೀಟರ್ ನೀರು ಅಂದರೆ ನೂರು ಕೆಜಿ ಅಲ್ವಾ? ಆದರೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಮುಂದೆ ಹಿಂದೆ ಹೊಯ್ದಾಡುತ್ತದೆ. ಟ್ಯಾಂಕ್ ಎರಡಿದ್ದರೆ ಒಂದನ್ನು ಪೂರ್ತಿ ತುಂಬಿ, ಇನ್ನೊಂದನ್ನು ಖಾಲಿ ಬಿಡಿ.

ಪರ್ಮಿಟ್ ಮತ್ತು ಸಮುದ್ರದ ಗಡಿಯಾರ

ವಾಹನದ ಪರ್ಮಿಟ್, ಕ್ಯಾಂಪಿಂಗ್ ಪರ್ಮಿಟ್ ಎರಡನ್ನೂ ಕ್ವೀನ್ಸ್‌ಲ್ಯಾಂಡ್ ಪಾರ್ಕ್ಸ್‌ನವರಿಂದ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ನಾಯಿಯನ್ನು ಕರೆದೊಯ್ಯುವಂತಿಲ್ಲ.

ಇದಕ್ಕಿಂತ ಮುಖ್ಯ ಉಬ್ಬರವಿಳಿತದ ಪಟ್ಟಿ. ದ್ವೀಪದ ಪೂರ್ವದ ಬೀಚೇ ಅಲ್ಲಿನ ಹೆದ್ದಾರಿ. ಸೆವೆಂಟಿಫೈವ್ ಮೈಲ್ ಬೀಚ್ ಅಂತ ಕರೆಯುತ್ತಾರೆ. ನೀರು ಅತ್ಯಂತ ಕೆಳಗಿಳಿಯುವ ಹೊತ್ತಿಗಿಂತ ಎರಡು ಗಂಟೆ ಮೊದಲು, ಎರಡು ಗಂಟೆ ಆಮೇಲೆ, ಒಟ್ಟು ನಾಲ್ಕು ಗಂಟೆ ನಿಮ್ಮದು. ಅಷ್ಟರಲ್ಲಿ ನೀರು ಬಿಟ್ಟುಹೋದ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ನೀರು ಏರಿದರೆ ನಿಮ್ಮನ್ನು ಮೇಲಿನ ಸಡಿಲ ಮರಳಿಗೆ ತಳ್ಳುತ್ತದೆ. ಟ್ರೇಲರ್ ಇರುವವರು ಕ್ಯಾಂಪಿನ ಜಾಗ ಮುಟ್ಟುವ ಹೊತ್ತಿಗೆ ಕೈಯಲ್ಲಿ ಒಂದು ಗಂಟೆಯಾದರೂ ಉಳಿಯುವ ಹಾಗೆ ಲೆಕ್ಕ ಹಾಕಿ. ಇಳಿತ ಬೆಳಿಗ್ಗೆ ಬೀಳುವ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು. ರಾತ್ರಿಯ ತಂಪಿಗೆ ಮರಳು ಕೂತಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದೇ ಜಾಗ ಹುರಿದ ರವೆಯಂತೆ ಜಾರುತ್ತದೆ.

ಗಾಳಿ ಇಳಿಸುವುದು

ಎಂಜಿನ್ ಎಷ್ಟು ದೊಡ್ಡದು ಅನ್ನುವುದು ಮರಳಿಗೆ ಬೇಕಿಲ್ಲ. ಟಯರ್ ಎಷ್ಟು ಜಾಗದಲ್ಲಿ ಕೂತಿದೆ ಅನ್ನುವುದಷ್ಟೇ ಬೇಕು. ಗಾಳಿ ಇಳಿಸಿದಾಗ ಟಯರ್ ಅಗಲವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಗಲ ಸ್ವಲ್ಪ ಮಾತ್ರ. ಜಾಸ್ತಿಯಾಗುವುದು ನೆಲ ಮುಟ್ಟುವ ಭಾಗದ ಉದ್ದ. ಒಂದು ಅಂಗೈ ಊರುವುದಕ್ಕೂ ಮೊಣಕೈವರೆಗೆ ಇಡೀ ಕೈ ಊರುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು.

ಟ್ರೇಲರ್‌ಗೆ ಎಷ್ಟು ಇಳಿಸಬೇಕು? ನಮ್ಮ ಕಾರು ಹಳೇ ಟೊಯೊಟಾ ಪ್ರಾಡೊ, ಅದರ ಲೆಕ್ಕ ಹೇಳುತ್ತೇನೆ. ಜನ, ಸಾಮಾನು ಸೇರಿ ಕಾರು ಸುಮಾರು 2,600 ಕೆಜಿ. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ 650. ಟ್ರೇಲರ್ 1,300 ಕೆಜಿ. ಮೂಕಿಯ 130 ಕಳೆದರೆ 1,170, ಎರಡು ಚಕ್ರಕ್ಕೆ ತಲಾ 585. ಅಂದರೆ ಟ್ರೇಲರ್‌ನ ಒಂದೊಂದು ಟಯರ್ ಹೊರುವುದು ಹೆಚ್ಚುಕಮ್ಮಿ ಕಾರಿನ ಟಯರ್ ಹೊರುವಷ್ಟೇ! "ಟ್ರೇಲರ್ ಹಗುರ, ಅದಕ್ಕೇನೂ ಮಾಡಬೇಕಿಲ್ಲ" ಅಂತ ನಾನು ಅಂದುಕೊಂಡಿದ್ದು ಎಷ್ಟು ತಪ್ಪು ಅಂತ ಆವತ್ತು ಇನ್‌ಸ್ಕಿಪ್‌ನಲ್ಲಿ ಸಲಿಕೆ ಹಿಡಿದಾಗ ತಿಳಿಯಿತು.

ನಾನು ಅನುಸರಿಸುವ ಅಂಕಿ ಇವು, ಎಲ್ಲ ಗಾಳಿಯ ಒತ್ತಡದ ಅಳತೆಯಾದ ಪಿಎಸ್‌ಐನಲ್ಲಿ:

- ಟಾರ್ ರಸ್ತೆಯಲ್ಲಿ ಕಾರು, ಟ್ರೇಲರ್ ಎರಡಕ್ಕೂ 36ರಿಂದ 38
- ಮರಳಿಗೆ ಇಳಿಯುವ ಮೊದಲು ಕಾರಿಗೆ 20, ಟ್ರೇಲರ್‌ಗೆ 18
- ಎಳೆಯಲು ಒದ್ದಾಡುತ್ತಿದೆ ಅನ್ನಿಸಿದರೆ ಎರಡಕ್ಕೂ 16
- ಹೂತೇಹೋದರೆ 12ರಿಂದ 14, ಹೊರಬರುವವರೆಗೆ ಮಾತ್ರ

ನಿಮ್ಮ ಗಾಡಿ ಭಾರವಿದ್ದರೆ ಎರಡು ಅಂಕಿ ಜಾಸ್ತಿ ಇಟ್ಟುಕೊಂಡು ಶುರುಮಾಡಿ. ಗಾಳಿ ಕಮ್ಮಿ ಇದ್ದಾಗ ವೇಗವೂ ಕಮ್ಮಿ ಇರಲಿ. 16ರ ಕೆಳಗೆ ಇಳಿಸಿದ ಮೇಲೆ ಗಕ್ಕನೆ ತಿರುಗಿಸಿದರೆ ಟಯರ್ ರಿಮ್ ಬಿಟ್ಟು ಕಳಚಿಕೊಳ್ಳಬಹುದು.

ಗಾಳಿ ಇಳಿಸಬೇಕಾದ್ದು ಟಾರ್ ಮುಗಿಯುವ ಜಾಗದಲ್ಲಿ. ಮರಳಲ್ಲಿ ಸಿಕ್ಕಿಕೊಂಡ ಮೇಲಲ್ಲ. ಗಾಳಿ ಅಳೆಯುವ ಒಳ್ಳೆಯ ಗೇಜ್ ಒಂದಿರಲಿ. ನಾನು ಈಗ ಟ್ರೇಲರ್‌ನಿಂದಲೇ ಶುರುಮಾಡುತ್ತೇನೆ, ಮರೆಯುವ ಪ್ರಶ್ನೆಯೇ ಇಲ್ಲ. ಕಳಚಿದ ವಾಲ್ವ್ ಮುಚ್ಚಳಗಳನ್ನು ಚಹಾ ಲೋಟದಲ್ಲಿ ಹಾಕಿಡುವುದು ಮಗಳ ಕೆಲಸ. ಆರು ಇರಬೇಕು. ನಾಲ್ಕೇ ಇದ್ದರೆ ಅವಳೇ ಕೂಗುತ್ತಾಳೆ.

ಹೊರಡುವುದು, ನಿಲ್ಲುವುದು

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂತೆ ಹಾಕಿಕೊಳ್ಳಿ. ಇನ್‌ಸ್ಕಿಪ್‌ನಂಥ ಸಡಿಲ ಜಾಗಕ್ಕೆ, ಒಳಗಿನ ಜಾಡಿಗೆ ಲೋ ರೇಂಜ್, ಅಂದರೆ ವೇಗ ಕಮ್ಮಿ, ಬಲ ಜಾಸ್ತಿ ಇರುವ ಗೇರ್. ಗಟ್ಟಿ ಬೀಚ್ ಮೇಲೆ ಹೈ ರೇಂಜ್ ಸಾಕು. ಜಾರುವುದನ್ನು ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಿ, ಇಲ್ಲದಿದ್ದರೆ ಚಕ್ರ ಒಂದಿಷ್ಟು ಸುತ್ತಿದ ತಕ್ಷಣ ಅದು ಎಂಜಿನ್ನಿನ ಕತ್ತು ಹಿಡಿಯುತ್ತದೆ. ಗಟ್ಟಿ ಮರಳು ಸಿಕ್ಕ ಮೇಲೆ ಮತ್ತೆ ಹಚ್ಚಲು ಮರೆಯಬೇಡಿ. ಆಟೋಮ್ಯಾಟಿಕ್ ಗಾಡಿಯಾದರೂ ಗೇರ್ ನೀವೇ ಹಿಡಿದಿಡಿ. ದಿಬ್ಬದ ನಡುವೆ ಅದು ತಾನಾಗಿ ಮೇಲಿನ ಗೇರ್‌ಗೆ ಹೋದರೆ ಓಟ ಸತ್ತುಹೋಗುತ್ತದೆ. ಟ್ರೇಲರ್ ಬ್ರೇಕ್ ಎಷ್ಟು ಬಿಗಿಯಾಗಿ ಹಿಡಿಯಬೇಕು ಅಂತ ಕಾರಿನಿಂದಲೇ ಹೊಂದಿಸುವ ಕಂಟ್ರೋಲರ್ ಅನ್ನು ರಸ್ತೆಯಲ್ಲಿದ್ದ ಅಂಕಿಗಿಂತ ಕೆಳಗಿಳಿಸಿ. ಮರಳಲ್ಲಿ ಟ್ರೇಲರ್ ಚಕ್ರ ಲಾಕ್ ಆದರೆ ಎರಡು ಗುಂಡಿ ತೋಡಿ ಕೂರುತ್ತದೆ.

ಆಕ್ಸಿಲರೇಟರ್ ನಿಧಾನವಾಗಿ ಒತ್ತಿ, ಒಂದೇ ಸಮನೆ ಹೋಗಿ. ಮುಂದಿನವರ ಜಾಡಿನಲ್ಲೇ ಸಾಗಿ. ತಿರುವು ದೊಡ್ಡದಾಗಿರಲಿ. ಚೂಪಾಗಿ ತಿರುಗಿಸಿದರೆ ಟ್ರೇಲರ್ ಒಳಬದಿಯ ಹೊಸ ಮರಳನ್ನು ಕತ್ತರಿಸುತ್ತದೆ. ನಿಲ್ಲಿಸಬೇಕಾದಾಗ ಬ್ರೇಕ್ ತುಳಿಯಬೇಡಿ, ಕಾಲು ತೆಗೆದು ತಾನಾಗಿ ನಿಲ್ಲಲು ಬಿಡಿ. ಬ್ರೇಕ್ ಹಾಕಿದರೆ ಚಕ್ರದ ಮುಂದೆ ಸಣ್ಣ ಮರಳ ಗೋಡೆ ಏಳುತ್ತದೆ. ಮತ್ತೆ ಹೊರಡುವಾಗ ಆರು ಚಕ್ರಗಳೂ ಆ ಗೋಡೆ ಹತ್ತಬೇಕು. ಸಾಧ್ಯವಾದರೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ.

ಬಾರ್ಜ್ ಪ್ರಯಾಣ ಹತ್ತು ಹದಿನೈದು ನಿಮಿಷ. ಆಚೆ ಹುಕ್ ಪಾಯಿಂಟ್‌ನಲ್ಲಿ ಇಳಿಯುವಾಗ ಮುಂದಿನ ಗಾಡಿಗೂ ನಿಮಗೂ ಸಾಕಷ್ಟು ಅಂತರ ಬಿಡಿ. ಅವರು ಹೂತರೆ ನೀವೂ ನಿಲ್ಲಬೇಕಾಗುತ್ತದೆ.

ಬೀಚ್ ಎಂಬ ಹೆದ್ದಾರಿ

ಎಡಕ್ಕೆ ಹೋಗುವುದು, ಸೀಟ್ ಬೆಲ್ಟ್, ಕುಡಿದು ಓಡಿಸಬಾರದು, ಎಲ್ಲ ರಸ್ತೆ ನಿಯಮ ಬೀಚಿಗೂ ಇದೆ. ಮಿತಿ ಗಂಟೆಗೆ 80 ಕಿಮೀ. ಒಳಗಿನ ಜಾಡಿನಲ್ಲಿ 30. ಎದುರಿನ ಗಾಡಿ ಬಂದಾಗ ಯಾವ ಬದಿಗೆ ಸರಿಯುತ್ತೀರಿ ಅಂತ ಇಂಡಿಕೇಟರ್ ಹಾಕಿ ತೋರಿಸುವುದು ಅಲ್ಲಿನ ಪದ್ಧತಿ. ಅಂದಹಾಗೆ ಅದೇ ಬೀಚ್ ಮೇಲೆ ಸಣ್ಣ ವಿಮಾನಗಳೂ ಇಳಿಯುತ್ತವೆ. ದಾರಿ ಬಿಡಬೇಕಾದವರು ನಾವು.

ಟ್ರೇಲರ್ ಇದ್ದಾಗ ನನ್ನ ವೇಗ 50, ಹೆಚ್ಚೆಂದರೆ 60. ಕಾರಣ ತೊರೆಗಳು. ಒಳಗಿನಿಂದ ಬರುವ ಸಿಹಿನೀರಿನ ತೊರೆ ಬೀಚನ್ನು ಕೊರೆದು ಸಮುದ್ರ ಸೇರುತ್ತದೆ. ಅದರ ದಂಡೆ ಕೆಲವೊಮ್ಮೆ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನೇರ ಗೋಡೆಯಾಗಿರುತ್ತದೆ. ನಿನ್ನೆ ಇಲ್ಲದ್ದು ಇವತ್ತು ಇರುತ್ತದೆ. ಬಿಸಿಲು ನೆತ್ತಿಯ ಮೇಲಿದ್ದಾಗ ನೆರಳೇ ಬೀಳುವುದಿಲ್ಲ, ಹತ್ತಿರ ಬರುವವರೆಗೆ ಗೊತ್ತೇ ಆಗುವುದಿಲ್ಲ. 80ರಲ್ಲಿ ಹಾರಿದರೆ ಕಾರು ಹೇಗೋ ಬದುಕೀತು, ಟ್ರೇಲರ್‌ನ ಸ್ಪ್ರಿಂಗ್ ಉಳಿಯುವುದಿಲ್ಲ. ಸಂಶಯ ಬಂದರೆ ನಿಲ್ಲಿಸಿ, ಇಳಿದು ನಡೆದು ನೋಡಿ. ಕಾಲು ಎಲ್ಲಿ ಹೂಳುತ್ತದೋ ಅಲ್ಲಿ ಟಯರೂ ಹೂಳುತ್ತದೆ. ಸಮುದ್ರದ ನೀರಿಗೆ ಇಳಿಸಿ ದಾಟುವ ಆಸೆ ಬೇಡವೇ ಬೇಡ. ಉಪ್ಪು ತಿಂದ ವೈರು, ಬೇರಿಂಗು, ಬ್ರೇಕು ಒಂದೂ ಕ್ಷಮಿಸುವುದಿಲ್ಲ.

ಪೊಯುಂಗನ್, ಯಿಡ್ನಿ ಹೆಸರಿನ ಬಂಡೆಗಳ ಹತ್ತಿರ ಬೀಚ್ ಬಿಟ್ಟು ಒಳಗಿನ ಬೈಪಾಸ್ ಹಿಡಿಯಬೇಕಾಗಬಹುದು. ಅಲ್ಲಿ ಮರಳು ಸಡಿಲ, ದಾರಿ ಕಿರಿದು. ಎದುರಿನಿಂದ ಬರುತ್ತಿರುವವರಿದ್ದರೆ ಅವರು ದಾಟುವವರೆಗೆ ಗಟ್ಟಿ ಮರಳಲ್ಲೇ ಕಾಯಿರಿ. ಗಾಡಿಯಿಂದ ಗಾಡಿಗೆ ಮಾತಾಡುವ ಯುಎಚ್‌ಎಫ್ ರೇಡಿಯೊ ಇದ್ದರೆ "ಟ್ರೇಲರ್ ಇದೆ, ಬರುತ್ತಿದ್ದೇನೆ" ಅಂತ ಹೇಳಿ ಹೊರಡಿ. ಉತ್ತರದ ನ್‌ಕಾಲ (Ngkala) ಬಂಡೆಗಳ ಕಡೆಗೆ ಟ್ರೇಲರ್ ಒಯ್ಯಬೇಡಿ. ಒಳಗಿನ ಸರೋವರಗಳಿಗೂ ಅಷ್ಟೇ. ಬೀಚಿನ ಪಕ್ಕದಲ್ಲಿ ಬಿಡಾರ ಹೂಡಿ, ಟ್ರೇಲರ್ ಬಿಚ್ಚಿಟ್ಟು, ಬರೀ ಕಾರಿನಲ್ಲಿ ಸುತ್ತಿ. 1935ರ ಚಂಡಮಾರುತದಲ್ಲಿ ದಡಕ್ಕೆ ಬಿದ್ದ ಮಹೇನೊ ಹಡಗು, ಈಲೈ ತೊರೆ, ಮೆಕೆಂಜಿ ಸರೋವರ ಎಲ್ಲ ಹಗುರಾಗಿ ನೋಡಬಹುದು.

ಕ್ಯಾಂಪಿನ ಜಾಗಗಳು ಮೊದಲ ಮರಳದಿಬ್ಬದ ಹಿಂದಿವೆ. ಇಡೀ ಪ್ರಯಾಣದಲ್ಲಿ ಅತಿ ಕಷ್ಟದ ಮೂವತ್ತು ಮೀಟರ್ ಅದು. ಮೊದಲು ನಡೆದುಹೋಗಿ, ಒಳಗೆ ತಿರುಗಲು ಜಾಗ ಇದೆಯಾ, ಯಾರಾದರೂ ಇದ್ದಾರಾ ನೋಡಿಕೊಂಡು ಬನ್ನಿ. ಆಮೇಲೆ ಗಟ್ಟಿ ಮರಳಿನಿಂದ ನೇರವಾಗಿ ಓಟ ತೆಗೆದುಕೊಂಡು ಹತ್ತಿ.

ಹೂತಾಗ

ಗಾಡಿ ಮುಂದೆ ಸಾಗುವುದು ನಿಂತ ಕ್ಷಣವೇ ಕಾಲು ತೆಗೆಯಿರಿ. ಇನ್ನೊಂದು ಸಲ ಒತ್ತಿ ನೋಡೋಣ ಅನ್ನಿಸುತ್ತದೆ. ಆ ಒಂದು ಸಲಕ್ಕೆ ಅರ್ಧ ಗಂಟೆ ಅಗೆಯಬೇಕಾಗುತ್ತದೆ.

ಟ್ರೇಲರ್ ನೇರವಾಗಿದ್ದರೆ ಮೊದಲು ಬಂದ ಜಾಡಿನಲ್ಲೇ ಒಂದೆರಡು ಮೀಟರ್ ಹಿಂದಕ್ಕೆ ಬಂದು ಮತ್ತೆ ಪ್ರಯತ್ನಿಸಿ. ಟ್ರೇಲರ್ ಓರೆಯಾಗಿದ್ದರೆ ಹಿಂದಕ್ಕೆ ಬೇಡ, ಮಡಚಿಕೊಂಡು ಕಾರಿನ ಮೂಲೆಗೆ ಗುದ್ದುತ್ತದೆ.

ಆಗದಿದ್ದರೆ ಸಲಿಕೆ. ಎಲ್ಲರೂ ಕಾರಿನ ಚಕ್ರದ ಮುಂದೆ ಅಗೆಯುತ್ತಾರೆ. ನೀವು ಟ್ರೇಲರ್ ಕಡೆಯಿಂದ ಬನ್ನಿ. ಅದರ ಚಕ್ರದ ಮುಂದೆ ಇಳಿಜಾರಾಗಿ ಅಗೆಯಿರಿ. ಆಕ್ಸೆಲ್ ಅಡಿ, ಮೂಕಿಯ ಅಡಿ ಮರಳು ತಾಗಿದ್ದರೆ ತೆಗೆಯಿರಿ. ಗಾಳಿಯನ್ನು 14ಕ್ಕೆ ಇಳಿಸಿ. ಆಮೇಲೆ ಕಾರಿನ ಚಕ್ರಗಳಿಗೆ ರಿಕವರಿ ಹಲಗೆ, ಅಂದರೆ ಚಕ್ರಕ್ಕೆ ಹಿಡಿತ ಸಿಗಲು ಹಲ್ಲುಗಳಿರುವ ಹಲಗೆ, ಕೊಡಿ. ಬ್ರಿಸ್ಬೇನ್‌ನವರೇ ಆದ ಮ್ಯಾಕ್ಸ್‌ಟ್ರ್ಯಾಕ್ಸ್ ಇಲ್ಲಿ ಎಲ್ಲ ಗಾಡಿಯ ಮೇಲೂ ಕಾಣುವ ಹಲಗೆ. ಹಲಗೆಯ ತುದಿ ಟಯರ್ ಕೆಳಗೆ ಗಟ್ಟಿಯಾಗಿ ತುರುಕಿರಬೇಕು. ಸುಮ್ನೆ ಎದುರಿಗೆ ಇಟ್ಟರೆ ಚಕ್ರ ಅದನ್ನು ಹಿಂದಕ್ಕೆ ಎಸೆಯುತ್ತದೆ. ಹಲಗೆಯ ಮೇಲೆ ಚಕ್ರ ಗಿರಗಿರ ಸುತ್ತಿದರೆ ಹಲ್ಲು ಕರಗುತ್ತದೆ, ನಿಧಾನ ಇರಲಿ.

ಇನ್ನೂ ಆಗದಿದ್ದರೆ ಹೆಮ್ಮೆ ಬಿಟ್ಟು ಟ್ರೇಲರ್ ಬಿಚ್ಚಿ. ಜಾಕಿ ಚಕ್ರದ ಕೆಳಗೆ ಒಂದು ಪ್ಲೈವುಡ್ ತುಂಡು ಕೊಡಿ, ಇಲ್ಲದಿದ್ದರೆ ಅದು ಮೊಳೆಯ ಹಾಗೆ ಇಳಿಯುತ್ತದೆ. ಇಳಿಜಾರಿದ್ದರೆ ಟ್ರೇಲರ್ ಚಕ್ರಕ್ಕೆ ಅಡೆ ಕೊಟ್ಟೇ ಕೊಂಡಿ ಬಿಡಿಸಿ. ಕಾರು ಒಂದೇ ಆದರೆ ಸಾಮಾನ್ಯವಾಗಿ ತಾನಾಗಿ ಹೊರಬರುತ್ತದೆ. ಅದನ್ನು ಗಟ್ಟಿ ಮರಳಿಗೆ ಒಯ್ದು, ಅಲ್ಲಿಂದ ಉದ್ದನೆಯ ಪಟ್ಟಿ ಅಥವಾ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಿ ಟ್ರೇಲರ್ ಅನ್ನು ನಿಧಾನವಾಗಿ ಎಳೆದುಕೊಳ್ಳಿ. ಟ್ರೇಲರ್‌ನ ಹ್ಯಾಂಡ್‌ಬ್ರೇಕ್ ಬಿಟ್ಟಿದೆಯಾ ನೋಡಿ. ಪಟ್ಟಿ ಕಟ್ಟಬೇಕಾದ್ದು ಚಾಸಿಗೆ, ಅಂದರೆ ಅಡಿಯ ಗಟ್ಟಿ ಚೌಕಟ್ಟಿಗೆ, ಸೇಫ್ಟಿ ಚೈನಿಗಲ್ಲ.

ಇನ್ನೊಬ್ಬರು ಸ್ನ್ಯಾಚ್ ಸ್ಟ್ರಾಪ್, ಅಂದರೆ ಹಿಗ್ಗಿ ಜಗ್ಗುವ ಪಟ್ಟಿ, ಹಾಕಿ ಎಳೆಯಲು ಬಂದರೆ ಒಂದು ವಿಷಯದಲ್ಲಿ ಮುಲಾಜು ಇಟ್ಟುಕೊಳ್ಳಬೇಡಿ. ಟೋ ಬಾಲ್‌ಗೆ, ಅಂದರೆ ಆ ಗುಂಡಿಗೆ, ಪಟ್ಟಿ ಹಾಕಲು ಬಿಡಲೇಬೇಡಿ. ಅದು ಮುರಿದರೆ ಗುಂಡೇಟಿನ ಹಾಗೆ ಹಾರುತ್ತದೆ. ಆಸ್ಟ್ರೇಲಿಯಾದಲ್ಲಿ ಇದರಿಂದ ಜನ ಸತ್ತಿದ್ದಾರೆ. ಎಷ್ಟು ಭಾರ ತಾಳುತ್ತದೆ ಅಂತ ಬರೆದಿರುವ ರಿಕವರಿ ಪಾಯಿಂಟ್ (ಎಳೆಯಲೆಂದೇ ಗಾಡಿಗೆ ಕೂರಿಸಿದ ಕೊಕ್ಕೆ), ಹಾಗೇ ಬರೆದಿರುವ ಶಾಕಲ್ (ಪಟ್ಟಿ ಜೋಡಿಸುವ ಉಕ್ಕಿನ ಬಳೆ) ಮಾತ್ರ ಬಳಸಿ. ಪಟ್ಟಿ ಹರಿದರೂ ಹಾರದಂತೆ ಅದರ ಮೇಲೆ ಒದ್ದೆ ಕಂಬಳಿಯೋ ಅದಕ್ಕೆಂದೇ ಸಿಗುವ ಡ್ಯಾಂಪರೋ ಹಾಕಿ. ಮಕ್ಕಳು, ನೋಡುವವರು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ ನಿಲ್ಲಲಿ. ಟ್ರೇಲರ್ ಕಟ್ಟಿಯೇ ಇರುವ ಕಾರನ್ನು ಜೋರಾಗಿ ಜಗ್ಗಿಸಬೇಡಿ. ಆ ಜಗ್ಗಿನ ಪೂರ್ತಿ ಹೊಡೆತ ಕೊಂಡಿಯ ಮೇಲೆ ಬೀಳುತ್ತದೆ.

ಆವತ್ತು ಇನ್‌ಸ್ಕಿಪ್‌ನಲ್ಲಿ ನಮ್ಮನ್ನು ಎಬ್ಬಿಸಿದ್ದು ಪಟ್ಟಿಯೂ ಅಲ್ಲ, ಹಲಗೆಯೂ ಅಲ್ಲ. ಹಿಂದಿನ ಗಾಡಿಯ ಅಜ್ಜ ಒಬ್ಬರು ಕೈ ಬೀಸಿಕೊಂಡು ಬಂದರು. ಟ್ರೇಲರ್ ಟಯರ್‌ಗೆ ಕಾಲಿನಿಂದ ಒಮ್ಮೆ ಒದ್ದು ನೋಡಿ, ಜೇಬಿನಿಂದ ಗೇಜ್ ತೆಗೆದು ಕೊಟ್ಟರು. 38ರಿಂದ 16ಕ್ಕೆ ಇಳಿಸಿದೆ, ಸ್ವಲ್ಪ ಅಗೆದೆವು, ಗಾಡಿ ನಡೆಯಿತು.

ವಾಪಸ್ ಬಂದ ಮೇಲೆ

ಟಾರ್ ಸಿಕ್ಕ ಕೂಡಲೇ ಕಂಪ್ರೆಸರ್ ಹಾಕಿ ಆರೂ ಟಯರ್‌ಗೆ ಗಾಳಿ ತುಂಬಿ. 18ರಲ್ಲೇ ಹೈವೇ ಹತ್ತಿದರೆ ಟಯರ್ ಬಿಸಿಯಾಗಿ ಸಿಡಿಯಬಹುದು. ಬ್ರೇಕ್ ಕಂಟ್ರೋಲರ್ ಅನ್ನು ಹಳೆಯ ಅಂಕಿಗೆ ತನ್ನಿ. ರೇನ್‌ಬೋ ಬೀಚ್ ಊರಿನಲ್ಲಿ ಅಡಿಭಾಗ ತೊಳೆಯಿರಿ, ಮನೆಗೆ ಬಂದು ಇನ್ನೊಮ್ಮೆ ಸಿಹಿನೀರಲ್ಲಿ ನೆನೆಸಿ ತೊಳೆಯಿರಿ. ಟ್ರೇಲರ್‌ನ ಬ್ರೇಕ್ ಡ್ರಮ್ಮಿನೊಳಗೆ ಮರಳು ಸೇರಿಕೊಂಡಿರುತ್ತದೆ. ಡ್ರಮ್ ಬಿಚ್ಚಿ ಊದುವುದು ಬೇಸರದ ಕೆಲಸ, ಆದರೂ ಮಾಡಿ.

ದಾರಿಯಲ್ಲಿ ಜಿಂಪಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಟ್ರೇಲರ್‌ನ ಎರಡೂ ಚಕ್ರದ ನಡುವಿನ ಹಬ್ ಹತ್ತಿರ ಕೈಯ ಹಿಂಬದಿ ತನ್ನಿ. ಎರಡೂ ಒಂದೇ ಥರ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕಾದ ಕಾವಲಿಯಂತಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ. ಕಾಫಿ ಮುಗಿಸಿ ಬ್ರಿಸ್ಬೇನ್ ಕಡೆ ಹೊರಡಬೇಡಿ, ಅಲ್ಲೇ ಮೆಕ್ಯಾನಿಕ್ ಹುಡುಕಿ.